ವಿಠೋಬಾನ ಹಾಡಿನ ಡಬ್ಬಿ

ಯಲ್ಲವ್ವ ಮುಷ್ಟಿ ಬಿಚ್ಚಲಿಲ್ಲ.

ಶೇವಂತಿ ಆ ಬೆರಳುಗಳನ್ನು ಎರಡು ಸಲ ಎಳೆದು ನೋಡಿದಳು; ಮೂರನೆಯ ಸಲ ಉಗುರು ಊರಿದಳು. ಸತ್ತವನ ಅಕ್ಕ ಆಕೆ, ನಸುಕಿನಲ್ಲೇ ಮುಧೋಳದಿಂದ ಬಂದಿಳಿದಿದ್ದಳು. ತಮ್ಮನ ಮುಖವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ತಮ್ಮನ ಹೆಂಡತಿಯ ಕೈಯನ್ನೇ ನೋಡುತ್ತ ಕೂತಿದ್ದಳು.

“ಕೊಡು ಇಲ್ಲೆ ಅದನ್ನ. ಕಲ್ಲಿಗೆ ಹಾಕಿ ಜಜ್ಜತೀನಿ. ಜೀವಾ ತಿಂದ ಡಬ್ಬಿ ಅದು.”

“ಬ್ಯಾಡ್ರಿ ಅಕ್ಕಾರ.”

“ಬ್ಯಾಡಂತ! ತಂದು ಕೊಟ್ಟಾಕಿನೂ ನೀನ, ಈಗ ಇಟಗೊಳ್ಳಾಕಿನೂ ನೀನ?”

ನಿನ್ನೆಯಿಂದ ಎಲ್ಲರ ನಾಲಗೆಯ ತುದಿಯವರೆಗೆ ಬಂದು ಯಾರೂ ಆಡದೆ ಉಳಿಸಿದ್ದ ಮಾತು ಅದು.

ನಿನ್ನೆ ಸಂಜೆ ವಿಠೋಬಾ ಮಗ್ಗದ ಶೆಡ್ಡಿನಿಂದ ಹೊರಬಿದ್ದು ಬನಹಟ್ಟಿಯ ರಸ್ತೆಯನ್ನು ದಾಟುತ್ತಿದ್ದ. ಕಬ್ಬು ತುಂಬಿದ ಎರಡು ಟ್ರೇಲರುಗಳನ್ನು ಎಳೆದುಕೊಂಡು ಟ್ರ್ಯಾಕ್ಟರು ಇಳಿಜಾರಿನಲ್ಲಿ ಬಂತು. ಚಾಲಕ ಹಾರ್ನ್ ಒತ್ತಿ ಹಿಡಿದ. ಚಹದಂಗಡಿಯಲ್ಲಿದ್ದವರು ಎದ್ದು ನಿಂತು ಕೂಗಿದರು. ವಿಠೋಬಾ ತಿರುಗಿ ನೋಡಲಿಲ್ಲ. ಅವನ ಎರಡೂ ಕಿವಿಗಳಲ್ಲಿ ಎಂದಿನಂತೆ ಬಿಳಿಯ ವೈರುಗಳಿದ್ದವು. ಇಂದು ಬೆಳಿಗ್ಗೆ ಆಸ್ಪತ್ರೆಯಿಂದ ಹೆಣದೊಂದಿಗೆ ಒಂದು ಪ್ಲಾಸ್ಟಿಕ್ ಚೀಲವೂ ಬಂತು. ಅದರಲ್ಲಿ ಒಂಟಿ ಚಪ್ಪಲಿ, ಮುರಿದ ಕನ್ನಡಕ, ಮತ್ತು ಬೆಂಕಿಪೊಟ್ಟಣದಷ್ಟೇ ಇದ್ದ ನೀಲಿ ಎಂಪಿತ್ರಿ ಪ್ಲೇಯರ್. ಮನೆಯವರೆಲ್ಲ ಅದನ್ನು ಹಾಡಿನ ಡಬ್ಬಿ ಎನ್ನುತ್ತಿದ್ದರು.

ಶೇವಂತಿ ಎದ್ದು ಹೋದ ಮೇಲೆ ಮಗಳು ಕಾಂಚನಾ ಹತ್ತಿರ ಸರಿದಳು.

“ಅವ್ವಾ, ಒಮ್ಮೆ ಗುಂಡಿ ಒತ್ತಿ ನೋಡೂನು. ಹಾಡು ನಿಂತಲ್ಲಿಂದನ ಚಾಲೂ ಆಗತೈತಿ ಅದರಾಗ. ಬಂದ್ ಇತ್ತಂದ್ರ ಗೊತ್ತಾಗತೈತಿ. ಅತ್ತಿ ಬಾಯಿ ಮುಚ್ಚತಾಳ.”

“ಹಾಡಿನ ನಡೂವ ನಿಂತಿತ್ತಂದ್ರ?”

ಯಲ್ಲವ್ವ ಇನ್ನೂ ಅತ್ತಿರಲಿಲ್ಲ. ಅಳುವಿಗಿಂತ ಮೊದಲು ಅವಳಿಗೆ ಒಂದೇ ಒಂದು ಸಂಗತಿ ತಿಳಿಯಬೇಕಿತ್ತು. ತಿಳಿಯುವ ಧೈರ್ಯವೂ ಇರಲಿಲ್ಲ. ಟ್ರ್ಯಾಕ್ಟರು ಬಂದಾಗ ಡಬ್ಬಿ ಹಾಡುತ್ತಿದ್ದರೆ, ಗಂಡನನ್ನು ಕೊಂದವಳು ತಾನು.

*

ಆರು ವರ್ಷದ ಹಿಂದೆ ಒಂದು ಸಂಜೆ ವಿಠೋಬಾ ಟವೆಲನ್ನು ತಲೆಗೆ ಬಿಗಿದು ಕಟ್ಟಿಕೊಂಡು ಕೂತಿದ್ದ.

“ಮನಿಗೆ ಬಂದ್ರೂ ಕಿವ್ಯಾಗ ಮಗ್ಗ ನಡದಾವ ನೋಡ. ಬಂದ್ ಆಗವಲ್ಲವು.”

ಯಲ್ಲವ್ವ ಅದೇ ಶೆಡ್ಡಿನ ಪಡಸಾಲೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಪ್ಪತ್ನಾಲ್ಕು ಪವರ್‌ಲೂಮುಗಳ ಸದ್ದು ಎಂಥದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಮರುದಿನವೇ ಬನಹಟ್ಟಿಯ ಮೊಬೈಲ್ ಅಂಗಡಿಗೆ ಹೋದಳು.

“ಯಾವ ಹಾಡು ತುಂಬಲ್ರಿ?” ಎಂದ ಅಂಗಡಿಯವ.

“ಎಲ್ಲಾ ತುಂಬು.”

“ಎಲ್ಲಾ ಅಂದ್ರ ಹೆಂಗ್ರಿ ಅಕ್ಕಾರ?”

“ಭಜನಿ, ಡೊಳ್ಳಿನ ಪದ, ನಾಟಕದ ಹಾಡು. ಮಗ್ಗದ ಸಪ್ಪಳಕ್ಕಿಂತ ಜೋರ ಇರಬೇಕು, ಅಷ್ಟ.”

ವಿಠೋಬಾ ವೈರುಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ನೆರೆಮನೆಯವರು ಬೆಚ್ಚಿ ಬೀಳುವಂತೆ “ಛಲೋ ಐತಿ!” ಎಂದು ಕೂಗಿದ. ಅಂದಿನಿಂದ ಡಬ್ಬಿ ಅವನ ಅಂಗಿಯ ಕಿಸೆಯನ್ನು ಬಿಟ್ಟು ಕದಲಲಿಲ್ಲ. ಮೊದಮೊದಲು ಹಾಡಿನ ಜೊತೆ ತಾನೂ ಗುನುಗುತ್ತಿದ್ದ. ಯಾವಾಗಲೋ ಆ ಗುನುಗು ನಿಂತಿತು. ಆಮೇಲಾಮೇಲೆ ಯಾರಾದರೂ ಮಾತಾಡಿಸಿದರೆ ಒಂದು ವೈರನ್ನು ಕಿತ್ತು, ಅವರ ಮುಖವನ್ನೇ ನೋಡುತ್ತ, “ಏನಂದಿ? ಹಾಡು ನಡದಿತ್ತು” ಎನ್ನುತ್ತಿದ್ದ.

*

ಹೊತ್ತೇರುತ್ತಿದ್ದಂತೆ ಭಜನೆಯವರು ತಾಳ, ಮೃದಂಗಗಳೊಂದಿಗೆ ಬಂದು ಕಟ್ಟೆಯ ಮೇಲೆ ಕೂತರು. ಅವರ ಹಿರಿಯ ಮುರಗೆಪ್ಪ, ಸತ್ತವನ ತಮ್ಮ ಸುಭಾಷನ ಕೈಯಿಂದ ಎಲೆ ಅಡಿಕೆ ಇಸಿದುಕೊಂಡ.

“ಎರಡ ವರ್ಷ ಆತಪಾ, ನಿಮ್ಮಣ್ಣ ಭಜನಿಗೆ ಬರೂದ ಬಿಟ್ಟ. ಕರದ್ರ ‘ನನ್ನ ಭಜನಿ ನನ್ನ ಕಿಸೇದಾಗ ಐತಿ’ ಅಂತಿದ್ದ.”

“ನನ್ನ ಕೂಡ ಮಾತಾಡಾಕೂ ಆ ವೈರ್ ತಗೀತಿರಲಿಲ್ರಿ,” ಎಂದ ಸುಭಾಷ.

“ಕಡೀಕ ಬಂದಾಗಂತೂ ತಾಳ ಎಲ್ಲಿ, ಇಂವ ಎಲ್ಲಿ! ನಾವು ಪದಾ ಮುಗಿಸಿ ಚಹಾ ಕುಡದ್ರೂ ಇಂವ ಬಾರಸಾಕತ್ತಿದ್ದ.”

ಯಾರೋ ನಕ್ಕು, ನಗಬಾರದಿತ್ತೆಂದು ಕೆಮ್ಮಿದರು.

ಒಳಗೆ ಹೆಣಕ್ಕೆ ಸ್ನಾನ ಮಾಡಿಸುವ ಹೊತ್ತಾಗಿತ್ತು. ನೀರೆರೆಯಲು ಯಲ್ಲವ್ವ ಎರಡೂ ಕೈಯಲ್ಲಿ ತಂಬಿಗೆ ಹಿಡಿಯಲೇಬೇಕಾಯಿತು. ಮಡಿಲಿಗೆ ಜಾರಿದ ಡಬ್ಬಿಯನ್ನು ಕಾಂಚನಾ ತಟ್ಟನೆ ಎತ್ತಿಕೊಂಡಳು. ಗುಂಡಿ ಒತ್ತಿದಳು. ದೀಪ ಹತ್ತಲಿಲ್ಲ.

“ಚಾರ್ಜ್ ಇಲ್ಲ.”

“ರಾತ್ರಿಯೆಲ್ಲಾ ಹಾಡಿ ಹಾಡಿ ಇಳದಿರಬೇಕು,” ಎಂದಳು ಶೇವಂತಿ.

ಕಾಂಚನಾ ಅದನ್ನು ಗೋಡೆಯ ಮಾಡದಲ್ಲಿ ಇಟ್ಟು ಚಾರ್ಜಿಗೆ ಸಿಕ್ಕಿಸಿದಳು. ಸಣ್ಣದೊಂದು ಕೆಂಪು ದೀಪ ಹತ್ತಿಕೊಂಡಿತು. ಯಲ್ಲವ್ವ ಗಂಡನ ತಲೆಗೆ ನೀರು ಹಾಕಿದಳು. ಕಣ್ಣು ಕೆಂಪು ದೀಪದ ಮೇಲಿತ್ತು. ಎದೆಗೆ ಹಾಕಿದಳು, ಕಾಲಿಗೆ ಹಾಕಿದಳು. ನೀರು ಹಿತ್ತಿಲ ಕಡೆಗೆ ಹರಿದು ಹೋಯಿತು. ಹೊಸ ಧೋತರ ಉಡಿಸಿದರು, ವಿಭೂತಿ ಹಚ್ಚಿದರು. ಮುಚ್ಚಿದ ಕಣ್ಣುರೆಪ್ಪೆಗಳ ಮೇಲೆ ಯಾರೋ ತುಳಸಿ ಎಲೆಗಳನ್ನಿಟ್ಟರು. ಆಗ ದೀಪ ನೀಲಿಯಾಗಿ ಮಿನುಗತೊಡಗಿತು.

ಕಾಂಚನಾ ಒಂದು ವೈರನ್ನು ಕಿವಿಗಿಟ್ಟುಕೊಂಡು ಗುಂಡಿ ಒತ್ತಿದಳು. ಹೆಂಗಸರೆಲ್ಲ ಅವಳ ಮುಖವನ್ನೇ ನೋಡಿದರು.

“ಯಾವ ಪದ?” ಎಂದಳು ಯಲ್ಲವ್ವ. ಅವಳ ದನಿ ತೀರ ಸಾಮಾನ್ಯವಾಗಿತ್ತು.

“ಏನೂ ಇಲ್ಲವ್ವಾ. ಹಾಡಿನ ಕಾರ್ಡ್ ಹಾಕೋ ಕಿಂಡಿ ಖಾಲಿ ಐತಿ.”

“ಬಡದ ರಭಸಕ್ಕ ಸಿಡದ ಬಿದ್ದಿರಬೇಕು,” ಶೇವಂತಿ ಬಿಡಲಿಲ್ಲ. “ಖಾಲಿ ಡಬ್ಬಿ ಕಿವಿಗೆ ಹಾಕ್ಕೊಂಡ ತಿರಗಾಕ ನನ್ನ ತಮ್ಮ ಹುಚ್ಚ ಇದ್ನೇನು?”

ಬಾಗಿಲ ಬಳಿ ಶೆಡ್ಡಿನ ನೇಕಾರರ ಗುಂಪು ನಿಂತಿತ್ತು. ಅದರಲ್ಲಿದ್ದ ರೇವಪ್ಪ, ವಿಠೋಬಾನ ಪಕ್ಕದ ಮಗ್ಗದವನು, ಆ ಮಾತು ಕೇಳಿ ತಲೆ ತಗ್ಗಿಸಿದ. ಯಲ್ಲವ್ವನಿಗೆ ಹಿತ್ತಿಲ ಕಡೆಗೆ ಸನ್ನೆ ಮಾಡಿದ.

ಹಿತ್ತಿಲಲ್ಲಿ ಅವನು ಮಾತಾಡುವ ಮೊದಲು ತನ್ನ ಮೊಬೈಲಿನ ಬೆನ್ನು ಕಳಚಿದ. ಉಗುರಿನಷ್ಟು ಸಣ್ಣ ಕಾರ್ಡೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

“ಸಿಡದಿಲ್ರಿ ವೈನಿ. ಇಲ್ಲೈತಿ. ವಿಠೋಬಣ್ಣನ ನನಗ ಕೊಟ್ಟಿದ್ದ. ‘ನನಗಿದರಾಗ ಇನ್ನ ಕೆಲಸಿಲ್ಲ, ನೀನರ ಕೇಳು’ ಅಂದ.”

“ಯಾಕ?”

“ಕಿವಿ ಹೋಗಿದ್ವರಿ. ಎರಡೂ. ಪೂರಾ.”

ಯಲ್ಲವ್ವ ಕಾರ್ಡನ್ನು ನೋಡುತ್ತ ನಿಂತಳು.

“ಮಾಲಕಗ ಗೊತ್ತಾದ್ರ ಮಗ್ಗ ಕಸಗೋತಾನ ಅಂತ ಅಂಜಿಕಿ. ಲಾಳಿ ದಾರಿ ತಪ್ಪಿ ಹಾರೂದು ಕಣ್ಣಿಗಿಂತ ಮೊದಲ ಕಿವಿಗೆ ಗೊತ್ತಾಗಬೇಕಲ್ರಿ. ನಮ್ಮ ಶೆಡ್ಡಿನ ಹಾಲಸಿದ್ದಪ್ಪನ ಕಿವಿ ಹೋದಾಗ ಕಸಾ ಹೊಡಿಯಾಕ ಹಚ್ಚಿದ್ರು, ನೀವೂ ನೋಡೀರಿ. ಅದಕ್ಕ ಈ ವೈರ್ ಹಾಕ್ಕೊಂಡ ಅಡ್ಡಾಡತಿದ್ದ. ಕೇಳದಿದ್ರ ಮಂದಿ ‘ಹಾಡಿನ ಹುಚ್ಚ’ ಅಂತಾರ, ‘ಕಿವುಡ’ ಅನ್ನೂದಿಲ್ಲ.”

“ಮಗ್ಗ ಹೆಂಗ ನಡಸಿದ್ರು?”

“ಚೌಕಟ್ಟಿನ ಮ್ಯಾಲ ಕೈ ಇಟ್ಟು. ಅದುರೂದು ಒಂದೀಟ ತಪ್ಪಿದ್ರ ಬಂದ್ ಮಾಡತಿದ್ದ. ಮಾತಿಗಂತೂ ಶೆಡ್ಡಿನ್ಯಾಗ ಯಾರಿಗೆ ಕಿವಿ ಬೇಕ್ರಿ? ನಿಮಗ ಗೊತ್ತಿಲ್ಲೇನು, ನಾವೆಲ್ಲಾ ತುಟಿ ನೋಡೇ ಮಾತಾಡವ್ರು.”

“ನನಗರ ಹೇಳಬಾರದಿತ್ತೇನು?”

ರೇವಪ್ಪ ಗೋಡೆಯ ಕಡೆ ನೋಡಿದ. “‘ಆಕಿಗೆ ಗೊತ್ತಾದ್ರ ಮಾತಾಡೂದ ನಿಲ್ಲಸತಾಳ. ಕೇಳದಿದ್ರೂ ಅಡ್ಡಿಯಿಲ್ಲ, ಆಕಿ ಮಾತಾಡೂದನ್ನ ನೋಡಕೋಂತ ಕುಂದ್ರತೀನಿ’ ಅಂತಿದ್ದ.”

“ಬೆನ್ನ ಮಾಡಿ ಮಾತಾಡಿದ್ರ?”

“ಹೂಂ ಅಂತಿದ್ದನಂತ್ರಿ.” ಅವನ ಮುಖದಲ್ಲಿ ನಗೆಯಂಥದೊಂದು ಬಂದು ಹೋಯಿತು. “‘ಮನ್ಯಾಗಿನ ಮಾತಿಗೆ ಹೂಂ ಅಂದ್ರ ಎಲ್ಲಾದಕ್ಕೂ ಹೊಂದತೈತಿ’ ಅಂತ ನಗಸತಿದ್ದ.”

“ಕಾರ್ಡ್ ಯಾವಾಗ ಕೊಟ್ರು?”

“ಹ್ವಾದ ಯುಗಾದಿ ಅಲ್ಲ. ಅದರ ಹಿಂದಿನ ಯುಗಾದಿ.”

ಯಲ್ಲವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತಳು. ಕಳೆದ ದಸರೆ ಅದಾದ ಮೇಲೆ ಬಂದಿತ್ತು.

*

ಕಳೆದ ದಸರೆಯ ಬನ್ನಿ ಕೊಟ್ಟು ಮುಗಿದ ಸಂಜೆ. ಮನೆಯಲ್ಲಿ ಇಬ್ಬರೇ ಇದ್ದರು. ವಿಠೋಬಾ ತಾಟಿನ ಮುಂದೆ ಕೂತಿದ್ದ. ಯಲ್ಲವ್ವ ಅವನಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಮುಖ ನೋಡಿ ಆಡಲಾಗದ ಮಾತನ್ನು ಅವಳು ಹಂಚಿಗೆ ಹೇಳತೊಡಗಿದಳು.

“ಕಾಂಚನಾ ಮೊಲಿ ಕುಡಿಯೂ ಕೂಸಿದ್ದಾಗ, ಬೀಳಗಿಗೆ ತವರಮನಿಗೆ ಹೊಂಟೇನಿ ಅಂತ ಹೇಳಿ ಹೋದೆ ನೋಡ್ರಿ. ಅದು ಸುಳ್ಳು. ಜಮಖಂಡಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಇಚಲಕರಂಜಿಯಿಂದ ನೂಲು ತರತಿದ್ನಲ್ಲ, ಅಂವ ಬಾ ಅಂದಿದ್ದ. ಬಸ್ ಬಂತು. ಅಂವ ಹತ್ತಿ ಕೈ ಚಾಚಿದ. ನಾ ಹತ್ತಲಿಲ್ಲ. ಕೂಸಿನ್ನ ಎತಗೊಂಡು ತಿರುಗಿ ಬಂದೆ. ನೀವು ಅವತ್ತ ನನಗ ಚಹಾ ಮಾಡಿ ಕೊಟ್ರಿ. ಬಿಸಲಾಗ ಬಂದೀ ಅಂದ್ರಿ. ಅವತ್ತಿಂದ ಇವತ್ತಿನ ತನಕಾ ನನಗ ನಿಮ್ಮ ಮುಖ ನೆಟ್ಟಗ ನೋಡಾಕ ಆಗಿಲ್ಲ. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋತೀರೇನು?”

ಅವಳ ಕೈ ನಿಂತಿತು. ಹಿಟ್ಟು ಹಿಡಿದ ಅಂಗೈಗಳು ಪರಾತದ ಮೇಲೆ ಹಾಗೆಯೇ ಉಳಿದವು.

“ಹೂಂ,” ಎಂದ ವಿಠೋಬಾ ಹಿಂದಿನಿಂದ. ಸ್ವಲ್ಪ ತಡೆದು, “ಇನ್ನೊಂದ ರೊಟ್ಟಿ ಹಾಕು,” ಎಂದ.

ಅಷ್ಟೇ. ಬೈಗುಳವಿಲ್ಲ, ಒಂದು ಪ್ರಶ್ನೆಯೂ ಇಲ್ಲ. ಅವಳು ಹಂಚಿನ ಹೊಗೆಯ ನೆವದಲ್ಲಿ ಮನಸಾರೆ ಅತ್ತು, ಉಬ್ಬಿದ ರೊಟ್ಟಿಯನ್ನು ತಿರುಗಿ ಅವನ ತಾಟಿಗೆ ಹಾಕಿದಳು. ಅವನ ಮುಖವನ್ನು ನೆಟ್ಟಗೆ ನೋಡಿದಳು. ಅವನೂ ನೋಡಿ ನಕ್ಕ. ಆ ಒಂದು ಅಕ್ಷರದ ಮೇಲೆ ಅವಳು ಅಂದಿನಿಂದ ನೆಮ್ಮದಿಯಾಗಿ ಮಲಗಿ ಎದ್ದಿದ್ದಳು.

*

ಕಾರ್ಡನ್ನು ಅವಳು ರೇವಪ್ಪನ ಕೈಗೆ ಮರಳಿಸಿದಳು. “ನಿನಗ ಕೊಟ್ಟಾರ. ನೀನ ಕೇಳು.”

ಅವನು ಒಳಗೆ ಬಂದು ಎಲ್ಲರೆದುರು ಎಲ್ಲವನ್ನೂ ಹೇಳಿದ. ಕೇಳಿ ಮುಗಿಯುವಷ್ಟರಲ್ಲಿ ಶೇವಂತಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಬಂದು ಯಲ್ಲವ್ವನನ್ನು ತಬ್ಬಿಕೊಂಡಳು.

“ನಿನ್ನ ತಪ್ಪಿಲ್ಲ ನನ್ನವ್ವಾ. ನಾ ಬಾಯಿಗೆ ಬಂದಂಗ ಅಂದೆ. ನಿನ್ನ ಕಡೆ ಒಂದೀಟೂ ತಪ್ಪಿಲ್ಲ.”

“ತಪ್ಪಿಲ್ಲ ಬಿಡ ಯಲ್ಲೂ,” ಎಂದರು ಹೆಂಗಸರು. “ಏನೇನೂ ತಪ್ಪಿಲ್ಲ,” ಎಂದ ಕಟ್ಟೆಯ ಮೇಲಿದ್ದ ಮುರಗೆಪ್ಪ.

“ಹೂಂ,” ಎಂದಳು ಯಲ್ಲವ್ವ.

ಭಜನೆ ಮುಂದೆ, ಹೆಣ ಹಿಂದೆ. ಓಣಿ ದಾಟಿ ಕೃಷ್ಣೆಯ ದಾರಿ ಹಿಡಿದರು. ಊರು ಮುಗಿಯುವಲ್ಲಿ ಒಂದು ಕಲ್ಲುಕಟ್ಟೆಯಿದೆ. ಹೊತ್ತವರು ಅಲ್ಲಿ ಚಟ್ಟ ಇಳಿಸಬೇಕು. ರಕ್ತಸಂಬಂಧದ ಗಂಡಸೊಬ್ಬ ಸತ್ತವನ ಕಿವಿಯಲ್ಲಿ ಮೂರು ಸಲ ಕೂಗಬೇಕು. ಜೀವ ಎಲ್ಲಾದರೂ ಉಳಿದಿದ್ದರೆ ಓಗೊಡಲಿ ಎಂದು ಹಿರಿಯರು ಇಟ್ಟ ಪದ್ಧತಿ. ಓಗೊಡದಿದ್ದರೆ ಗಂಡಸರು ನದಿಯ ಕಡೆಗೆ, ಹೆಂಗಸರು ಮನೆಯ ಕಡೆಗೆ.

ಸುಭಾಷ ಮೊಣಕಾಲೂರಿ ಬಗ್ಗಿದ.

“ಅಣ್ಣಾ!”

ತಾಳಗಳು ನಿಂತಿದ್ದವು. ಅವನು ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದ. ಮೂರನೆಯ ಸಲ ಕೂಗಲು ಬಾಯಿ ತೆರೆದವನು, ತಾನು ಯಾವ ಕಿವಿಗೆ ಕೂಗುತ್ತಿದ್ದೇನೆಂಬುದು ನೆನಪಾಗಿ, ಕೂಗದೆ ರೇವಪ್ಪನನ್ನು ನೋಡಿದ.

ಯಲ್ಲವ್ವ ಹೆಂಗಸರ ಗುಂಪಿನಿಂದ ಮುಂದೆ ಬಂದಳು.

“ಹೆಂಗಸರು ಕೂಗಬಾರದಬೇ ತಂಗಿ,” ಎಂದ ಮುರಗೆಪ್ಪ.

“ನಾ ಕೂಗೂದಿಲ್ರಿ.”

ಅವಳು ಗಂಡನ ಕಿವಿಯ ಬಳಿಗೆ ಹೋಗಲಿಲ್ಲ. ಎದುರಿಗೆ ಬಂದು, ಅವನ ಮುಖದ ಮೇಲೆ ತನ್ನ ಮುಖ ತಂದು ಕೂತಳು. ರೆಪ್ಪೆಗಳ ಮೇಲಿದ್ದ ತುಳಸಿ ಎಲೆಗಳನ್ನು ಒಂದೊಂದಾಗಿ ತೆಗೆದಳು. ಆಮೇಲೆ, ಮಗ್ಗಗಳ ನಡುವೆ ನಿಂತು ಆಡುವಂತೆ, ತುಟಿಗಳನ್ನು ಅಗಲವಾಗಿ, ನಿಧಾನವಾಗಿ ಆಡಿಸತೊಡಗಿದಳು. ಉಸಿರಿನಷ್ಟೂ ಸದ್ದು ಬರಲಿಲ್ಲ.

“ಏನ ಮಾಡಾಕತ್ತಾಳ?” ಎಂದು ಹಿಂದಿನಿಂದ ಶೇವಂತಿ ಪಿಸುಗುಟ್ಟಿದಳು. ಹೆಂಗಸರಲ್ಲಿ ಯಾರಿಗೂ ತಿಳಿಯಲಿಲ್ಲ.

ತುಟಿ ನೋಡಿಯೇ ಮಾತು ತಿಳಿಯುವ ನೇಕಾರರು ಚಟ್ಟದ ಆಚೆ ಬದಿಗೆ, ಅವಳಿಗೆ ಎದುರಾಗಿ ನಿಂತಿದ್ದರು. ಅವರು ಅಲ್ಲಿರುವುದು ಅವಳಿಗೆ ಕಾಣುತ್ತಿತ್ತು. ಅವಳು ನಿಲ್ಲಿಸಲಿಲ್ಲ.

ಮೊದಲು ರೇವಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಗೆ ಸುತ್ತಿಕೊಂಡ, ಆಮೇಲೆ ಮೆಲ್ಲಗೆ ಕಬ್ಬಿನ ಹೊಲದ ಕಡೆಗೆ ಮುಖ ತಿರುಗಿಸಿದ. ಅವನ ಪಕ್ಕದವನು ತಿರುಗಿದ. ಅವನ ಪಕ್ಕದವನೂ ತಿರುಗಿದ. ತಲೆಗೂದಲಲ್ಲಿ ನೂಲಿನ ಧೂಳು ಅಂಟಿದ್ದ ಆ ಗಂಡಸರು ಒಬ್ಬರಾದ ಮೇಲೊಬ್ಬರು ಬೆನ್ನು ಮಾಡಿ, ಗಾಳಿಯಿಲ್ಲದ ಹೊಲವನ್ನು ನೋಡುತ್ತ, ಅವಳ ಮಾತು ಮುಗಿಯುವವರೆಗೆ ನಿಂತೇ ಇದ್ದರು.