ಪ್ರಶ್ನೆ ಚಿಹ್ನೆ ಇದ್ದ ಚೀಟಿಗಳು

ಅಕ್ಕ ತೀರಿಹೋದ ಸುದ್ದಿ ಆಸ್ಪತ್ರೆಯಿಂದ ಬಂದಾಗ ಕಂಪೌಂಡರ್ ಮಾಮ ಅವಳ ಮಗಳ ಕಂಪನಿಯಲ್ಲೇ, ಕಿಟಕಿ ಪಕ್ಕದ ತಮ್ಮ ಮೇಜಿನ ಮುಂದೆ ಕೂತಿದ್ದರು. ಬೆಳಗಿನ ಹನ್ನೊಂದು ಗಂಟೆ. ಫೋನ್ ತೆಗೆದುಕೊಂಡವಳು ಅಕ್ಕನ ಮಗಳು. "ಹೂಂ" ಅಂದಳು, ಮತ್ತೊಮ್ಮೆ "ಹೂಂ" ಅಂದಳು, ಫೋನನ್ನು ಬೋರಲು ಇಟ್ಟು, "ಮಾಮ, ಅಮ್ಮ ಹೋದಳು" ಅಂದಳು. ಗೋಡೆಯ ಪರದೆಯ ಮೇಲೆ, ಔಷಧಿ ಚೀಟಿ ಓದುವ ಅವರ ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಎಂಬ ಅಂಕಿ ಹಸಿರಾಗಿ ಹೊಳೆಯುತ್ತಲೇ ಇತ್ತು. ಅದನ್ನು ಆರಿಸಬೇಕೆಂದು ಯಾರಿಗೂ ತೋಚಲಿಲ್ಲ.

"ಔಷಧಿ ಮೈಗೆ ಒಗ್ಗಲಿಲ್ಲ, ರಕ್ತ ಕುಂದಿಬಿಟ್ಟಿತು" ಎಂದರು ಆಸ್ಪತ್ರೆಯವರು. ಬಾಯಿ ತುಂಬ ಹುಣ್ಣಾಗಿ ಮಾತು ನಿಂತಮೇಲೆ ಸೇರಿಸಿದ್ದು; ಏನು ನುಂಗಿದೆ, ಎಷ್ಟು ನುಂಗಿದೆ ಎಂದು ಅವಳನ್ನು ಕೇಳುವ ಹಾಗಿರಲಿಲ್ಲ.

ಮಾಮ ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತವರು. ವೈದ್ಯರ ಕಾಗೆಕಾಲು ಗುಬ್ಬಿಕಾಲು ಬರಹ ಓದುವುದರಲ್ಲಿ ಎತ್ತಿದ ಕೈ. ಸಣ್ಣ ಅನುಮಾನ ಬಂದರೂ ಚೀಟಿಯ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, ವೈದ್ಯರಿಗೆ ಫೋನ್ ಮಾಡಿ ಕೇಳುವ ತನಕ ಮಾತ್ರೆ ಕೈಬಿಡುತ್ತಿರಲಿಲ್ಲ. "ಇವರ ಹತ್ತಿರ ಬಂದ್ರೆ ಕಾಯಿಲೆ ಕಾದೂ ಕಾದೂ ತಾನೇ ಬೇಸತ್ತು ಹೋಗುತ್ತೆ" ಎಂದು ಗಿರಾಕಿಗಳು ನಗುತ್ತಿದ್ದರು.

ವೈದ್ಯರ ಕೈಬರಹ ಓದುವ ಯಂತ್ರ ಮಾಡುತ್ತೇನೆಂದು ಅಕ್ಕನ ಮಗಳು ಕಂಪನಿ ತೆರೆದಾಗ, ಅದಕ್ಕೆ ಪಾಠ ಹೇಳಲು ಮೊದಲು ಕರೆದದ್ದು ಮಾಮನನ್ನೇ. ಟೈರ್ ಅಂಗಡಿಯ ಮೇಲೆ ಎರಡು ಕೋಣೆ, ಕೆಳಗಿಂದ ರಬ್ಬರಿನ ವಾಸನೆ. ಅವಳು, ಅವಳ ಜೊತೆಗಾರ, ಮಾಮ, ಮೂರೇ ಜನ. ಹಳೆಯ ಚೀಟಿಗಳ ಚಿತ್ರ ಪರದೆಗೆ ಬರುತ್ತಿತ್ತು. ಮಾಮ ಓದಿ ಟೈಪ್ ಮಾಡುತ್ತಿದ್ದರು. ಚಿತ್ರಕ್ಕೂ ಉತ್ತರಕ್ಕೂ ಗಂಟು ಹಾಕಿ ಯಂತ್ರ ಕಲಿಯುತ್ತಿತ್ತು. ಅನುಮಾನ ಬಂದಲ್ಲಿ ಮಾಮ ಹಳೇ ಚಾಳಿಯಂತೆ ಪ್ರಶ್ನೆ ಚಿಹ್ನೆ ಒತ್ತುತ್ತಿದ್ದರು.

"ಏನು ಮಾಮ ಇದು, ಬರೀ ಕೊಕ್ಕೆ?" ಎಂದ ಜೊತೆಗಾರ. "ಯಂತ್ರಕ್ಕೆ ಉತ್ತರ ಹೇಳಿಕೊಡಿ ಅಂದ್ರೆ ನೀವು ಅದನ್ನೇ ಪ್ರಶ್ನೆ ಕೇಳ್ತಿದ್ದೀರಿ."

"ಗೊತ್ತಿಲ್ಲ ಅನ್ನೋದೂ ಒಂದು ಉತ್ತರ ಕಣಪ್ಪ."

"ಗೊತ್ತಿಲ್ಲ ಅನ್ನೋ ಯಂತ್ರಕ್ಕೆ ಯಾರು ಬಂಡವಾಳ ಹಾಕ್ತಾರೆ? ಗೊತ್ತಿಲ್ಲ ಅನ್ನೋಕೆ ನಾನೇ ಇದ್ದೀನಲ್ಲ."

ಮೂವರೂ ನಕ್ಕಿದ್ದರು. ಆದರೆ ಬಂಡವಾಳ ಹಾಕುವವರು ನೋಡಲು ಬರುವ ದಿನ ಹತ್ತಿರ ಬಂದಾಗ ಅಂಕಿ ತೊಂಬತ್ತೊಂದಕ್ಕೆ ಕಚ್ಚಿಕೊಂಡು ಕೂತಿತ್ತು. ಪ್ರಶ್ನೆ ಚಿಹ್ನೆ ಇದ್ದ ಚೀಟಿಗಳನ್ನೆಲ್ಲ ರಾಶಿಯಿಂದ ತೆಗೆದುಹಾಕಿದ ಮೇಲೆ ತೊಂಬತ್ತೇಳಕ್ಕೆ ನೆಗೆಯಿತು. ಅಂದು ಅವಳು ಮಾಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಇನ್ನು ಚಿಹ್ನೆ ಬೇಡ ಮಾಮ. ನಿಮಗೆ ಏನನ್ನಿಸುತ್ತೋ ಬರೆದುಬಿಡಿ. ನಿಮ್ಮ ಅಂದಾಜು ಬೇರೆಯವರ ಖಾತ್ರಿಗಿಂತ ಮೇಲು. ನನಗೋಸ್ಕರ."

ಮಾಮ ಹೊಗಳಿಕೆಗೆ ಕರಗಿದರು. ಅಂದಾಜಿನ ಮೇಲೆ ಬರೆಯತೊಡಗಿದರು. ಒಂದೇ ಒಂದು ಮಾತ್ರೆಯ ವಿಷಯದಲ್ಲಿ ಕೈ ಏಳಲಿಲ್ಲ. ಕೀಲುನೋವಿಗೆ ಕೊಡುವ ಸಣ್ಣ ಹಳದಿ ಮಾತ್ರೆ ಅದು. ವಾರಕ್ಕೆ ಒಂದೇ ಸಲ ನುಂಗಬೇಕು. ದಿನಾ ನುಂಗಿದರೆ ರಕ್ತ ಹುಟ್ಟುವ ಜಾಗವೇ ಒಣಗುತ್ತದೆ. ಚೀಟಿ ಎಷ್ಟೇ ಸ್ಪಷ್ಟವಾಗಿರಲಿ, ಆ ಮಾತ್ರೆಯನ್ನು ಮಾಮ ಫೋನ್ ಮಾಡದೆ ಕೊಟ್ಟವರಲ್ಲ. ಹಿಂದೆ ಚಿಹ್ನೆ ಹಾಕುವಾಗಲೂ ಅದರ ಒಂದು ಚೀಟಿಯನ್ನೂ ಬಿಟ್ಟಿರಲಿಲ್ಲ. ಈಗ ಅದು ಪರದೆಗೆ ಬಂದಾಗಲೆಲ್ಲ ಸದ್ದಿಲ್ಲದೆ 'ಮುಂದೆ' ಒತ್ತಿ ದಾಟಿಸಿಬಿಡುತ್ತಿದ್ದರು. ತಪ್ಪು ಬರೆಯಲಿಲ್ಲ ಎಂಬ ಸಮಾಧಾನ. ಯಾರಿಗೂ ಹೇಳಲಿಲ್ಲ.

ಅಂಕಿ ಏರಿತು. ಹನ್ನೆರಡು ಅಂಗಡಿಗಳು ಯಂತ್ರ ಇಟ್ಟುಕೊಂಡವು. ಅಕ್ಕನ ಬೀದಿಯ ಮೂಲೆಯಂಗಡಿ ತನ್ನ ಕಂಪೌಂಡರನ್ನೂ ಬಿಡಿಸಿತು. ಅದುವರೆಗೆ ಅಕ್ಕ ತಮ್ಮನಿಗೆ ತೋರಿಸದೆ ಒಂದು ಗುಳಿಗೆ ನುಂಗಿದವಳಲ್ಲ.

"ಇನ್ನು ನಿನ್ನ ಕಾಯೋ ಕೆಲಸ ಇಲ್ಲ ಕಣೋ" ಎಂದಿದ್ದಳು ಒಂದು ದಿನ. "ನಿನ್ನ ಕಣ್ಣಿಗಿಂತ ನನ್ನ ಮಗಳ ಯಂತ್ರದ ಕಣ್ಣು ಚುರುಕಂತೆ."

"ಅದಕ್ಕೆ ಅಕ್ಷರ ಕಲಿಸಿದವನು ನಾನೇ ಅಕ್ಕ" ಎಂದು ಮಾಮ ಬೀಗಿದ್ದರು.

ಸಂಸ್ಕಾರವೆಲ್ಲ ಮುಗಿದು ಮೂರನೆಯ ದಿನ ಮಾಮ ಅಕ್ಕನ ಮಂಚದ ಪಕ್ಕದ ಖಾನೆ ತೆಗೆದಾಗ ಖಾಲಿ ಪಟ್ಟಿಗಳು ಸಿಕ್ಕವು. ಹಳದಿ ಮಾತ್ರೆ. ಲಕೋಟೆಯ ಮೇಲೆ ಯಂತ್ರದ ಅಚ್ಚುಕಟ್ಟಾದ ಅಕ್ಷರ: ದಿನಕ್ಕೆ ಒಂದು. ವೈದ್ಯರ ಚೀಟಿ ಪ್ರಾರ್ಥನೆಯ ಪುಸ್ತಕದೊಳಗಿತ್ತು. ಮಾತ್ರೆಯ ಹೆಸರನ್ನು ಯಂತ್ರ ಸರಿಯಾಗಿಯೇ ಓದಿತ್ತು. ಎಷ್ಟು ದಿನಕ್ಕೆ ಎಂಬಲ್ಲಿ ಪೆನ್ನು ಯಾರೂ ಓದಲಾಗದ ಒಂದು ಗೀಟು ಎಳೆದುಹೋಗಿತ್ತು. ಚೀಟಿ ಹರಿದುಹಾಕಿದರೆ ಮುಗಿಯಿತು, ಯಾರಿಗೂ ತಿಳಿಯದು ಎಂದು ಮಾಮನಿಗೆ ಒಂದು ಗಳಿಗೆ ಅನಿಸಿದ್ದೂ ನಿಜ.

ಮಾರನೆಯ ದಿನ ಇನ್ನೂರು ಅಂಗಡಿಗಳ ಒಪ್ಪಂದಕ್ಕೆ ಸಹಿ ಬೀಳಬೇಕಿತ್ತು. ಮಾಮ ಅಂದೇ ಕಂಪನಿಗೆ ಹೋಗಿ ಚೀಟಿ, ಲಕೋಟೆ ಎರಡನ್ನೂ ಅಕ್ಕನ ಮಗಳ ಮುಂದಿಟ್ಟು, ಮುಚ್ಚುಮರೆಯಿಲ್ಲದೆ ಹೇಳಿದರು. 'ಮುಂದೆ' ಒತ್ತಿದ್ದನ್ನೂ ಹೇಳಿದರು.

ಜೊತೆಗಾರ ಮೊದಲು ಬಾಯಿಬಿಟ್ಟ. "ದುಃಖದ ಮಾತೇ ಮಾಮ. ಆದ್ರೆ ಲಕ್ಷಕ್ಕೆ ಒಂದು ಇದು. ಮನುಷ್ಯರು ಇದಕ್ಕಿಂತ ಹೆಚ್ಚು ತಪ್ಪು ಮಾಡ್ತಾರೆ."

"ಮಾಡ್ತಾರಪ್ಪ. ಮಾಡಿದವನೇ ನಿನ್ನ ಮುಂದೆ ನಿಂತಿದ್ದೀನಿ. ಆದ್ರೆ ನನಗೆ ಕೈ ನಡುಗೋದು ಗೊತ್ತಿತ್ತು. ಯಂತ್ರಕ್ಕೆ ಅದನ್ನ ನಾವು ಕಲಿಸಲೇ ಇಲ್ಲ."

ಅಕ್ಕನ ಮಗಳು ಕಂಪ್ಯೂಟರಿನಲ್ಲಿ ಹುಡುಕಿದಳು. ಯಂತ್ರ ಕಲಿತ ರಾಶಿಯಲ್ಲಿ ಹಳದಿ ಮಾತ್ರೆಯ ಚೀಟಿ: ಸೊನ್ನೆ. ಹೊರಗೆಸೆದ ರಾಶಿಯಲ್ಲಿ ನಾನೂರ ಹದಿನೆಂಟು. ಉಳಿದ ಕೀಲುನೋವಿನ ಮಾತ್ರೆಗಳೆಲ್ಲ ದಿನಕ್ಕೊಂದು. ಹೆಸರನ್ನು ಔಷಧಿಗಳ ಪಟ್ಟಿಯಿಂದ ಹೊಂದಿಸಿಕೊಂಡು, ಇದೂ ಹಾಗೇ ಎಂದು ಯಂತ್ರ ಧೈರ್ಯವಾಗಿ ಹೇಳಿತ್ತು.

"ಆ ಚೀಟಿಗಳನ್ನ ದಾಟಿಸ್ತಿದ್ದೀನಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಮಾಮ."

"ಹೇಳಬೇಕಿತ್ತು ಮಗು."

ಅವಳು ಫೋನ್ ಎತ್ತಿಕೊಂಡು ಹನ್ನೆರಡು ಅಂಗಡಿಗಳಿಗೂ ತಾನೇ ಮಾತಾಡಿದಳು: ಯಂತ್ರ ನಿಲ್ಲಿಸಿ, ಹಳದಿ ಮಾತ್ರೆ ಒಯ್ದವರನ್ನೆಲ್ಲ ಈಗಲೇ ಕರೆದು ಕೇಳಿ. ಆಸ್ಪತ್ರೆಗೂ ಬರೆದು ತಿಳಿಸಿದಳು. ಒಪ್ಪಂದ ಮುರಿಯಿತು. ಜೊತೆಗಾರ ಯಂತ್ರದ ಒಂದು ಪ್ರತಿ ಒಯ್ದು ಬೇರೆ ಕಡೆ ಬೋರ್ಡು ಹಾಕಿದ; ಅಲ್ಲೂ ಗೋಡೆಯ ಮೇಲೆ ಹಸಿರು ಅಂಕಿ ಹೊಳೆಯುತ್ತದಂತೆ. ಹಳದಿ ಮಾತ್ರೆಯ ಬಗ್ಗೆ ಎಚ್ಚರಿಸಿ ಮಾಮ ಅವನಿಗೆ ಎರಡು ಸಲ ಪತ್ರ ಬರೆದರು, ಉತ್ತರವಿಲ್ಲ. ಅಕ್ಕನ ಮಗಳು ಮಾಮನೊಂದಿಗೆ ಜಗಳವಾಡಲಿಲ್ಲ, ಮಾತನ್ನೂ ಆಡಲಿಲ್ಲ.

ಮಾಮ ಈಗ ದಿನವೂ ಬೆಳಿಗ್ಗೆ ಅಕ್ಕನ ಪ್ರಾರ್ಥನೆಯ ಪುಸ್ತಕ ತೆಗೆಯುತ್ತಾರೆ. ಓದು ಮುಂದೆ ಹೋಗುವುದಿಲ್ಲ. ಕನ್ನಡಕ ತೆಗೆದಿಟ್ಟು ಕೈಮುಗಿಯುತ್ತಾರೆ.

"ದೇವರೇ, ತಿಳಿದೂ ಸುಮ್ಮನಿದ್ದವನು ನಾನು; ನನ್ನ ಲೆಕ್ಕ ನನಗಿರಲಿ. ಆ ಹುಡುಗಿಯ ಎದೆ ಕಲ್ಲಾಗದಿರಲಿ. ನಮ್ಮಿಬ್ಬರನ್ನೂ ನಂಬಿ ನುಂಗಿದವಳು ನಮ್ಮಕ್ಕ. ಕೊನೆಗೆ ಗುಟುಕು ನೀರಿಗೂ ಅವಳ ಬಾಯಿ ಉರಿಯಿತು. ಅವಳನ್ನು ನಿನ್ನ ನೆರಳಲ್ಲಿ ತಣ್ಣಗೆ ಮಲಗಿಸು ತಂದೆ."