ಬಿಸಿಯಾಗಿಯೇ ಇದ್ದ ಶಾವಿಗೆ

"ಟೀಚರ್, ಈ ಹೆಂಗಸು ಒಳ್ಳೆಯವಳಲ್ಲ," ಎಂದಳು ಪೇಯಿ-ಯುನ್, ಕೂತಲ್ಲಿಂದಲೇ.

ಯಾ-ಲಿಂಗ್ ಆಗಷ್ಟೇ ಬೋರ್ಡಿನ ಮೇಲೆ 'ಪಾತ್ರ: ಕರುಣಾಳು ನೆರೆಯವಳು' ಎಂದು ಬರೆದಿದ್ದಳು. ಆರು ವರ್ಷದಿಂದ ಇದೇ ಕಾದಂಬರಿ, ಇದೇ ಪಾಠ. ಸರ್ಕಾರದ ವಿರುದ್ಧ ಮಾತಾಡಿದನೆಂದು ಯಾರೋ ಚಾಡಿ ಹೇಳಿ ದರ್ಜಿಯೊಬ್ಬ ದ್ವೀಪದ ಜೈಲಿಗೆ ಹೋಗುತ್ತಾನೆ. ಹತ್ತು ವರ್ಷದ ಮೇಲೆ, ಮನೆಯವರಿಗೂ ಸುದ್ದಿ ಕೊಡದೆ ಅವನನ್ನು ಬಿಟ್ಟುಬಿಡುತ್ತಾರೆ. ಅವನು ಓಣಿಯ ತಿರುವು ದಾಟುತ್ತಲೇ ಎದುರುಮನೆಯಾಕೆ ಹಂದಿಕಾಲಿನ ಶಾವಿಗೆಯ ಬಟ್ಟಲು ಹಿಡಿದು ಓಡಿ ಬರುತ್ತಾಳೆ. ಜೈಲಿನಿಂದ ಬಂದವನು ಹೊಸ್ತಿಲು ತುಳಿಯುವ ಮೊದಲು ಅದನ್ನು ತಿಂದರೆ ಅಂಟಿದ ಪೀಡೆ ಕಳೆಯುತ್ತದೆಂಬ ನಂಬಿಕೆ. ಈ ಪುಟಕ್ಕೆ ಬಂದಾಗ ಪ್ರತಿವರ್ಷ ಒಬ್ಬಿಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾಕಮ್ಮ, ಶಾವಿಗೆಗೆ ಉಪ್ಪು ಕಮ್ಮಿಯಾಗಿತ್ತಾ?" ಎಂದ ಹಿಂದಿನ ಬೆಂಚಿನ ಮಿಂಗ್-ಹಾವ್. ತರಗತಿ ನಕ್ಕಿತು.

ಪೇಯಿ-ಯುನ್ ನಗಲಿಲ್ಲ. "ಪಾತ್ರಾನ ಅದರ ಮಾತಿಂದ ಅಳೀಬೇಡಿ, ಅದು ನಿಂತಿರೋ ಜಾಗ ನೋಡಿ, ಕಾಲ ನೋಡಿ ಅಂತ ನೀವೇ ಹೇಳಿದ್ರಿ. ನೋಡಿದೆ. ಆಗೆಲ್ಲ ಸೌದೆ ಒಲೆ. ಹಂದಿಕಾಲು ಮೆತ್ತಗಾಗ್ಬೇಕಂದ್ರೆ ಅರ್ಧ ದಿನ ಕುದೀಬೇಕು. ಅವನು ಬರೋದು ಹೆಂಡ್ತಿಗೇ ಗೊತ್ತಿಲ್ಲ. ಇವಳಿಗೆ ಬೆಳಿಗ್ಗೇನೇ ಹೇಗೆ ಗೊತ್ತಾಯ್ತು? ಪೊಲೀಸರು ಮೊದಲೇ ಹೇಳೋದಿದ್ರೆ ಯಾರಿಗೆ ಹೇಳ್ತಾರೆ ಟೀಚರ್? ತಮ್ಮವರಿಗೆ ತಾನೇ?"

"ಅಯ್ಯಯ್ಯೋ, ಚಾಡಿ ಹೇಳಿದ್ದೇ ಅವಳಾ!" ಎಂದ ಮಿಂಗ್-ಹಾವ್. ಈ ಸಲ ಯಾರೂ ನಗಲಿಲ್ಲ.

ಯಾ-ಲಿಂಗ್‌ಳ ಕಣ್ಣು ಹುಡುಗಿಯ ಮೇಲೆ ನಿಂತಿತು. ಪೇಯಿ-ಯುನ್ ಅವಳ ಎದುರುಮನೆಯ ಹುಡುಗಿ. ಹುಡುಗಿಯ ಮುತ್ತಾತನೂ ಆ ಕಾಲದಲ್ಲಿ ಅದೇ ಬಗೆಯ ಜೈಲಿಗೆ ಹೋಗಿ, ಹೀಗೆಯೇ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದಿಳಿದವನು. ಅದೇ ಹಂದಿಕಾಲಿನ ಬಿಸಿ ಶಾವಿಗೆಯ ಬಟ್ಟಲು ಹಿಡಿದು ಅವನಿಗೆ ಎದುರಾದವಳು ಯಾ-ಲಿಂಗ್‌ಳ ಅಜ್ಜಿ. ಹೊಸವರ್ಷದ ಊಟಕ್ಕೆ ಕೂತಾಗಲೆಲ್ಲ ಎರಡೂ ಮನೆಯವರು ಇದನ್ನು ಹೇಳಿಕೊಂಡು ಹಿಗ್ಗುತ್ತಿದ್ದರು. ಹೇಳುವಾಗ ಯಾ-ಲಿಂಗ್‌ಳ ದನಿಯೇ ಎಲ್ಲರಿಗಿಂತ ಜೋರು.

ಹುಡುಗಿ ಪುಸ್ತಕದ ಮಾತಾಡುತ್ತಿದ್ದಾಳೋ, ಮನೆಯ ಮಾತಾಡುತ್ತಿದ್ದಾಳೋ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾ-ಲಿಂಗ್ ಅವಸರವಸರವಾಗಿ ಬೋರ್ಡು ಒರೆಸಿದಳು. "ಅವಳು ಎಂಥವಳು ಅಂತ ಒಂದು ಪುಟ ಬರ್ಕೊಂಡು ಬನ್ನಿ," ಎಂದು ಗಂಟೆಗೆ ಮೊದಲೇ ಪಾಠ ನಿಲ್ಲಿಸಿದಳು.

ಮನೆಯ ದಾರಿಯುದ್ದಕ್ಕೂ ಅನುಮಾನದ ಹುಳ ಕೊರೆಯಿತು. ಓಣಿಯ ಗಂಡಸರೆಲ್ಲ ಸಕ್ಕರೆ ಕಾರ್ಖಾನೆಯ ಕೆಲಸ ಕಳೆದುಕೊಂಡಾಗ ತನ್ನ ತಾತನದು ಮಾತ್ರ ಉಳಿದದ್ದು ಹೇಗೆ? ಹಬ್ಬದ ಮೂಲಂಗಿ ಕಡುಬಿನ ಮೊದಲ ತುಂಡು ಯಾವಾಗಲೂ ಎದುರುಮನೆಗೇ ಹೋಗುತ್ತಿದ್ದದ್ದು ಯಾಕೆ? ನಿನ್ನೆಯವರೆಗೆ ಒಂದು ಅದೃಷ್ಟವಾಗಿತ್ತು, ಇನ್ನೊಂದು ಅಜ್ಜಿಯ ಒಳ್ಳೆಯತನವಾಗಿತ್ತು.

ತೊಂಬತ್ತರ ಅಜ್ಜಿ ಬಾಗಿಲ ಬಳಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

"ಅಜ್ಜೀ, ಎದುರುಮನೆ ಚುವಾಂಗ್ ತಾತ ಜೈಲಿಂದ ಬಂದ ದಿನ, ಅವರು ಬರ್ತಾರೆ ಅಂತ ನಿನಗೆ ಹೇಳಿದ್ಯಾರು?"

"ಯಾರು ಹೇಳ್ಬೇಕು? ಶಾವಿಗೆ ಇತ್ತು, ಕೊಟ್ಟೆ."

"ಹಂದಿಕಾಲು ತಾನಾಗೇ ಬೇಯಲ್ಲ ಅಜ್ಜಿ."

ಅಜ್ಜಿಯ ಬೆರಳು ನಿಂತಿತು. "ಮೇಷ್ಟ್ರಾದೆ ಅಂತ ಮನೆಗೂ ಪರೀಕ್ಷೆ ತಂದ್ಯೇನೆ? ಅವನು ಬಟ್ಟಲು ಇಸ್ಕೊಂಡ. ನನ್ನ ಮುಖಾನೇ ನೋಡ್ತಾ, ನಿಂತೇ ತಿಂದ. ಒಂದು ಎಳೆ ಬಿಡ್ಲಿಲ್ಲ. ಬಟ್ಟಲು ತೊಳೆದು ತಂದುಕೊಟ್ಟ. ಸಾಯೋವರೆಗೂ ಒಂದು ಮಾತು ಕೇಳ್ಲಿಲ್ಲ. ಅವನೇ ಕೇಳ್ಲಿಲ್ಲ, ನೀನ್ಯಾರೇ ಕೇಳೋಕೆ?"

ಅಜ್ಜಿ ಇಲ್ಲ ಎನ್ನಲಿಲ್ಲ. ಒಂದೇ ಒಂದು ಸಲ ಇಲ್ಲ ಎಂದಿದ್ದರೆ ಯಾ-ಲಿಂಗ್ ಕಣ್ಣುಮುಚ್ಚಿ ನಂಬಿಬಿಡುತ್ತಿದ್ದಳು. ಅವಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಈ ಕೈಯೇ ತನ್ನನ್ನು ಉಣ್ಣಿಸಿ ಬೆಳೆಸಿದ್ದು.

ಅಷ್ಟರಲ್ಲಿ ಕಸದ ಲಾರಿಯ ಹಾಡು ಕೇಳಿಸಿತು. ಓಣಿಯವರೆಲ್ಲ ಚೀಲ ಹಿಡಿದು ಹೊರಬಂದರು. ಅಜ್ಜಿಯ ಚೀಲವನ್ನು ದಿನವೂ ಒಯ್ದು ಹಾಕುವ ಪೇಯಿ-ಯುನ್ ಇವತ್ತೂ ಬಂದು ಬಾಗಿಲಲ್ಲಿ ನಿಂತಳು.

"ಟೀಚರ್, ಬರೆದಾಯ್ತು."

"ಏನಂತ ಬರೆದೆ?"

"ಕ್ಲಾಸಲ್ಲಿ ಹೇಳಿದ್ದನ್ನೇ." ಹುಡುಗಿ ದನಿ ತಗ್ಗಿಸಿದಳು. "ಆದ್ರೆ ಅಪ್ಪ ಓದಿ ಸಹಿ ಹಾಕ್ಬೇಕಲ್ಲ. ನಮ್ಮನೆ ಶಾವಿಗೆ ಕತೆ ಅಪ್ಪಂಗೂ ಗೊತ್ತು, ಲೆಕ್ಕ ಹಾಕೋಕೂ ಬರುತ್ತೆ. ನೀವು ಬೇಡ ಅಂದ್ರೆ ಬೇರೆ ಬರೀತೀನಿ."

ಬೇಡ ಎನ್ನುವುದು ಎಷ್ಟು ಸುಲಭವಾಗಿತ್ತು! ಬಾಯಿಗೆ ಬಂದೇ ಬಿಟ್ಟಿತ್ತು. ಬೆನ್ನ ಹಿಂದೆ ಅಜ್ಜಿ ಕಿವಿಗೊಟ್ಟು ಕೂತದ್ದು ಯಾ-ಲಿಂಗ್‌ಗೆ ಗೊತ್ತಾಯಿತು.

"ಬೇರೆ ಬರೀಬೇಡ," ಎಂದಳು. "ಅಪ್ಪಂಗೆ ಅದನ್ನೇ ತೋರಿಸು."

ಪೇಯಿ-ಯುನ್ ತಲೆಯಾಡಿಸಿ ಒಳಗೆ ಕೈಚಾಚಿದಳು. "ಅಜ್ಜೀ, ಚೀಲ ಕೊಡಿ, ಲಾರಿ ಹೋಗ್ಬಿಡುತ್ತೆ."

ಅಜ್ಜಿ ಚೀಲದ ಕುತ್ತಿಗೆಯನ್ನು ಹಿಡಿದೇ ಇದ್ದಳು. ಹುಡುಗಿ ಎಳೆಯಲಿಲ್ಲ, ಕಾದಳು. ಅಜ್ಜಿ ಕೈ ಬಿಟ್ಟ ಮೇಲೆ ಎರಡು ಮನೆಯ ಚೀಲಗಳನ್ನೂ ಒಂದೊಂದು ಕೈಯಲ್ಲಿ ಹಿಡಿದು, ಓಣಿಯ ಜನರ ನಡುವೆ ದಾರಿ ಮಾಡಿಕೊಂಡು ಲಾರಿಯ ಕಡೆಗೆ ನಡೆದಳು.