ಮಸಿಯಕ್ಕನ ಜಾಗ

ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಲೊಲ್ಲದು. ಮಂಚದ ಮೇಲೆ ಮಲಗಿಸಿದ್ದ ತಾಯಿಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮಗಳು ಮೂರನೆಯ ಸಲ ಸೋಪು ಹಚ್ಚಿ ಉಜ್ಜುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ಚಿತ್ರಗಾರ್ತಿ ಕೊನೆಗೂ ಒಳಗೆ ಬಂದಳು. ಸತ್ತವಳ ಜೊತೆ ಇಪ್ಪತ್ತಾರು ವರ್ಷ ಒಂದೇ ಸ್ಟುಡಿಯೋದಲ್ಲಿ, ಒಂದೇ ಮೇಜಿನ ಆಚೆ ಈಚೆ ಕೆಲಸ ಮಾಡಿದ್ದವಳು ಎಂಟು ತಿಂಗಳಿಂದ ಈ ಮನೆಯತ್ತ ಸುಳಿದಿರಲಿಲ್ಲ.

“ಸೋಪಿಗೆ ಹೋಗಲ್ಲಮ್ಮ ಅದು. ಅಡುಗೆ ಎಣ್ಣೆ ಇದ್ರೆ ಕೊಡು.”

ಇಬ್ಬರೂ ಒಂದೊಂದು ಕೈ ಹಿಡಿದು ಕೂತರು. ಎಣ್ಣೆಗೆ ಮಸಿ ಬಿಟ್ಟುಕೊಂಡು ಬಟ್ಟೆಗೆ ಇಳಿಯಿತು. ಸ್ಟುಡಿಯೋದ ಹಳೆಯ ಮಸಿಯಲ್ಲ, ಹೊಸದು. ಚಿತ್ರಗಾರ್ತಿ ತಲೆಯೆತ್ತಿ ನೋಡಿದಾಗ ಮಗಳೇ ಹೇಳಿದಳು: ಸ್ಟುಡಿಯೋ ಬಿಟ್ಟು ಬಂದ ಮೇಲೂ ಅಮ್ಮ ಸುಮ್ಮನೆ ಕೂತವಳಲ್ಲ. ಕಣ್ಣು ಮಬ್ಬಾದರೂ ಬೆರಳಲ್ಲೇ ತಡವಿ ಮರ ಕೊರೆದು, ಮಸಿ ಬಳಿದು, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದಳು. ಕಾಗದಕ್ಕಿಂತ ಗೋಡೆಗೇ ಹೆಚ್ಚು ಮಸಿಯಾಗಿತ್ತು. ನಿನ್ನೆ ಸಂಜೆಯೂ ಕೂತಿದ್ದಳು. ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

“ಚಿಕ್ಕವಳಿದ್ದಾಗ ಈ ಕೈ ಹೊತ್ಕೊಂಡು ನನ್ನ ಸ್ಕೂಲಿಗೆ ಬರಬೇಡ ಅಂದಿದ್ದೆ ಅಮ್ಮಂಗೆ,” ಎಂದಳು ಮಗಳು. “ಆಮೇಲೆ ಬರಲೇ ಇಲ್ಲ.”

*

ಸ್ಟುಡಿಯೋ ಎಂದರೆ ಮುಚ್ಚಿಹೋದ ಲಾಂಡ್ರಿಯ ಕಟ್ಟಡ. ಹನ್ನೊಂದು ಮಂದಿ ಸೇರಿ ಬಾಡಿಗೆಗೆ ಹಿಡಿದು ಜಾಗ ಹಂಚಿಕೊಂಡಿದ್ದರು. ಬಡಗಿ ಹಾರಿಸಿದ ಮರದ ಹೊಟ್ಟು ಇನ್ನೊಬ್ಬರ ಹಸಿ ಬಣ್ಣದ ಮೇಲೆ ಕೂತು ಜಗಳವಾಗದ ವಾರವಿರಲಿಲ್ಲ.

ಅಚ್ಚಿನ ಕೆಲಸದ ಆ ತಾಯಿ ಅಲ್ಲಿ ಎಲ್ಲರಿಗೂ ಮಸಿಯಕ್ಕ. ಬೆಳಿಗ್ಗೆ ಯಾವುದೋ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ, ಎರಡು ಗಂಟೆಗೆ ಬಂದು ಏಪ್ರನ್ ಕಟ್ಟುತ್ತಿದ್ದಳು. ಬಾಗಿಲ ಹಿಡಿ, ಟೀ ಲೋಟ, ಬೇರೆಯವರ ಕಾಗದ, ಎಲ್ಲೆಲ್ಲೂ ಅವಳ ಬೆರಳ ಗುರುತು. ಯಾರಾದರೂ ರೇಗಿದರೆ, ತಾನೇನಾದರೂ ಕಳ್ಳತನಕ್ಕಿಳಿದರೆ ಪೊಲೀಸರಿಗೆ ಕೆಲಸವೇ ಇರುವುದಿಲ್ಲ ಎಂದು ನಗುತ್ತಿದ್ದಳು. ಅವಳು ಕೊರೆಯುತ್ತಿದ್ದದ್ದು ಕತ್ತರಿ, ಮೆಟ್ಟಿಲು, ಒಣಹಾಕಿದ ಬಟ್ಟೆ. ಕೊಂಡವರು ಬೆರಳೆಣಿಕೆಯಷ್ಟು.

ಚಿತ್ರಗಾರ್ತಿಯ ಮೊದಲ ಪ್ರದರ್ಶನಕ್ಕೆ ನರಪಿಳ್ಳೆಯೂ ಬಾರದ ದಿನ, ಅವಳು ತನ್ನ ಚಿತ್ರಗಳನ್ನೆಲ್ಲ ಹರಿಯಲು ನಿಂತಿದ್ದಳು. ಮಸಿಯಕ್ಕ ಸಮಾಧಾನ ಹೇಳಲಿಲ್ಲ. ಒಂದು ಮರದ ತುಂಡು, ಒಂದು ಉಳಿ ತಂದು ಮುಂದಿಟ್ಟಳು. ಹರಿಯುವ ಬದಲು ಇದನ್ನು ಕೊರೆ, ಸಿಟ್ಟಿಗೆ ಒಳ್ಳೆಯದು ಎಂದಳು.

*

ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ದೊಡ್ಡ ಹಾಳೆಯ ಅಚ್ಚು ತೆಗೆಯುವುದಿತ್ತು. ಹಾಳೆ ದೊಡ್ಡದಿದ್ದಾಗ ಮಸಿಯಕ್ಕ ಕಾಗದ ಒಳಗೆ ಬಿಡುವುದು, ಅಚ್ಚಿನ ಪ್ರೆಸ್ಸಿನ ಚಕ್ರ ಚಿತ್ರಗಾರ್ತಿ ತಿರುಗಿಸುವುದು ರೂಢಿ. ತಿರುಗಿಸುತ್ತಿದ್ದವಳು ಯಾಕೋ ನೋಡಿದಳು. ಕಾಗದದ ಅಂಚು ಕಾಣದೆ ಮಸಿಯಕ್ಕನ ನಾಲ್ಕು ಬೆರಳು ರೋಲರಿನತ್ತ ಹೋಗುತ್ತಿದ್ದವು. ಚಕ್ರ ನಿಂತಾಗ ಒಂದು ಅಂಗುಲವೂ ಉಳಿದಿರಲಿಲ್ಲ.

“ನನ್ನ ಕಣ್ಣಿನ ವಿಷಯ ಯಾರಿಗೂ ಹೇಳ್ಬೇಡ ಕಣೇ,” ಎಂದಳು ಮಸಿಯಕ್ಕ. “ಇಲ್ಲಿಗೆ ಬರೋದು ತಪ್ಪಿದ್ರೆ ನಾನು ಬರೀ ಪಾತ್ರೆ ತಿಕ್ಕೋಳು.”

ಚಿತ್ರಗಾರ್ತಿ ಮಾತು ಕೊಟ್ಟಳು. ಮೂರು ದಿನ ಕಣ್ಣು ಮುಚ್ಚಿದರೆ ಆ ಬೆರಳುಗಳೇ ಕಂಡವು. ನಾಲ್ಕನೆಯ ದಿನ ಸ್ಟುಡಿಯೋದ ಉಸ್ತುವಾರಿ ನೋಡುತ್ತಿದ್ದ ಬಡಗಿಗೆ ಹೇಳಿಬಿಟ್ಟಳು. ಎಲ್ಲರೂ ಕೂತು ಮಾತಾಡಿ, ಮಸಿಯಕ್ಕ ಇನ್ನು ಪ್ರೆಸ್ಸಿನ ಹತ್ತಿರ ಬರುವುದು ಬೇಡ ಎಂದು ತೀರ್ಮಾನಿಸಿದರು. ಬಡಗಿ ಕೈ ಹಿಸುಕಿಕೊಳ್ಳುತ್ತಾ ಮಸಿಯಕ್ಕನ ಬಳಿ ಕೀಲಿ ಕೇಳಿದ. ಅವಳು ತೆಗೆದು ಕೊಟ್ಟಳು. ಚಿತ್ರಗಾರ್ತಿ ಮುಖ ತಿರುಗಿಸಿ, ಏನೂ ಬರೆಯದೆ, ಕ್ಯಾನ್ವಾಸಿನ ಮುಂದೆ ನಿಂತೇ ಇದ್ದಳು. ಹಿಂದಿನಿಂದ ಮಸಿಯಕ್ಕ ಹೇಳಿದಳು:

“ಬ್ರಶ್ಶು ಒಣಗುತ್ತೆ. ನೀರಲ್ಲಿ ಹಾಕು.”

ಇಬ್ಬರ ನಡುವಿನ ಕೊನೆಯ ಮಾತು ಅದು. ಆಮೇಲೆ ಚಿತ್ರಗಾರ್ತಿ ಎರಡು ಸಲ ಮಸಿಯಕ್ಕನ ಬೀದಿಯ ತಿರುವಿನವರೆಗೆ ಬಂದು ಹಾಗೇ ಹಿಂತಿರುಗಿದ್ದಳು.

*

ಮಣ್ಣು ಮಾಡಿ ಎಲ್ಲರೂ ಚದುರಿದರು. ಸ್ಮಶಾನದ ಗೇಟಿನ ಹತ್ತಿರ ಚಿತ್ರಗಾರ್ತಿ ಮಗಳ ತೋಳು ಹಿಡಿದಳು. ಕೀಲಿ ಹೋದದ್ದು ತನ್ನಿಂದ, ಮಾತು ಕೊಟ್ಟು ತಪ್ಪಿದವಳು ತಾನು ಎಂದು ಒಂದೇ ಉಸಿರಿಗೆ ಹೇಳಿದಳು.

“ಅಮ್ಮಂಗೆ ಅವತ್ತೇ ಗೊತ್ತಾಗಿತ್ತು, ಚಿಕ್ಕಮ್ಮ. ನಿಮ್ಮನ್ನ ಬಿಟ್ರೆ ನೋಡಿದವರು ಯಾರಿದ್ರು?”

“ಏನಂದ್ರು?”

“ಬೆರಳು ಉಳೀತು ಅಂದ್ರು. ಆಮೇಲಾಮೇಲೆ, ಸಂಜೆ ಹೊತ್ತು ಬಾಗಿಲ ಕಡೆ ಕಿವಿಗೊಟ್ಟು ಕೂತ್ಕೊಳ್ಳೋರು. ‘ಬಂದು ಬೈಸ್ಕೊಂಡು ಹೋಗಬಹುದಿತ್ತಲ್ಲ ಅವಳು’ ಅನ್ನೋರು.”

ಚಿತ್ರಗಾರ್ತಿ ಗೇಟಿನ ಕಂಬ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ಅಳು ಬರಲಿಲ್ಲ. ಬಾಯಿ ಮಾತ್ರ ತೆರೆದುಕೊಂಡಿತು. ಮಗಳು ಪಕ್ಕದಲ್ಲಿ ಕೂತು ಕಾದಳು. ಬಹಳ ಹೊತ್ತಾದ ಮೇಲೆ, ಅಮ್ಮ ಕೆಲಸ ಮಾಡುತ್ತಿದ್ದ ಜಾಗ ತಾನು ಒಮ್ಮೆಯೂ ನೋಡಿಲ್ಲ, ಈಗ ತೋರಿಸುವಿರಾ ಎಂದು ಕೇಳಿದಳು.

ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ. ಇಳಿಬಿಸಿಲು ಕಿಟಕಿಯ ಧೂಳಿನಲ್ಲಿ ನಿಂತಿತ್ತು. ಮಗಳು ಏನನ್ನೂ ಮುಟ್ಟದೆ ಮೇಜುಗಳ ನಡುವೆ ನಡೆದಳು. ಅಮ್ಮ ಎಲ್ಲಿ ನಿಲ್ಲುತ್ತಿದ್ದಳು ಎಂದು ಕೇಳಿದಳು.

ಚಿತ್ರಗಾರ್ತಿ ಪ್ರೆಸ್ಸಿನ ಮುಂದಿನ ನೆಲ ತೋರಿಸಿದಳು. ಅಲ್ಲಿ ನೆಲಕ್ಕೆ ಬಳಿದ ಬೂದುಬಣ್ಣ ಸವೆದು, ಕೆಳಗಿನ ಸಿಮೆಂಟು ಎರಡು ಪಾದಗಳ ಆಕಾರಕ್ಕೆ ನುಣುಪಾಗಿ ತಗ್ಗಿತ್ತು. ಬಲಗಡೆಯದು ಎಡಗಡೆಯದಕ್ಕಿಂತ ಒಂದು ಕೂದಲೆಳೆ ಆಳ.

ಮಗಳು ಚಪ್ಪಲಿ ಕಳಚಿ ಆ ಎರಡು ಗುಳಿಗಳಲ್ಲಿ ಪಾದ ಇಟ್ಟಳು. ಸರಿಯಾಗಿ ಕೂತವು. ಕೈ ಚಾಚಿ ಚಕ್ರ ಹಿಡಿದಳು. ಅದು ಕದಲಲಿಲ್ಲ. ಯಾರೂ ಹೇಳಿಕೊಡದೆ ಅವಳ ಮೈಭಾರ ಬಲಗಾಲಿಗೆ ವಾಲಿತು.